ಕಲಿಸುವವರಿಗೆ ಕಲಿಸಿದವರು

ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಮಹಾದೇವಪ್ಪ ಮೈಲಾರರ ಹೆಸರಿದೆ. ರಾಣೇಬೆನ್ನೂರಿನ ಕಾಲೇಜಿಗೆ ಪಾಠ ಹೇಳಲು ಹೋಗಿಬರುವ ನಾನು ವಾರದಲ್ಲಿ ಐದಾರು ದಿನ ಆ ಫಲಕದ ಕೆಳಗೆ ನಿಂತಿರುತ್ತೇನೆ. ರೈಲು ತಪ್ಪಿ ಬಸ್ಸು ಹಿಡಿದರೆ, ಅದು ಅವರ ಹುಟ್ಟೂರಾದ ಮೋಟೆಬೆನ್ನೂರನ್ನೇ ಹಾಯ್ದು ಹೋಗುತ್ತದೆ. ಹೀಗೆ ಒಂದಿಲ್ಲೊಂದು ದಾರಿಯಿಂದ ಆ ಹೆಸರು ನನ್ನನ್ನು ದಿನವೂ ಎದುರುಗೊಳ್ಳುತ್ತದೆ. ಆದರೂ ನಾನಾಗಿ ಕೇಳಿಕೊಳ್ಳದ ಪ್ರಶ್ನೆಯೊಂದನ್ನು ಕಳೆದ ವರ್ಷ ಬಿ.ಎ. ತರಗತಿಯ ಹುಡುಗನೊಬ್ಬ ಕೇಳಿದ.

“ಸರ, ದಂಡಿಗೆ ನಡಕೊಂಡು ಹೋದ್ರು ಅಂತೀರಿ, ಹೊಸರಿತ್ತಿಯೊಳಗ ಗುಂಡಿಗೆ ಬಿದ್ರು ಅಂತೀರಿ. ನಡಬರಕ ಏನ್ ಮಾಡ್ತಿದ್ರು?”

ದಂಡಿಯ ಯಾತ್ರೆ 1930ರ ಮಾರ್ಚ್ ತಿಂಗಳಿನದು. ಹೊಸರಿತ್ತಿಯ ಗುಂಡಿನೇಟು 1943ರ ಏಪ್ರಿಲ್ 1ರದು. ನಡುವೆ ಹದಿಮೂರು ವರ್ಷಗಳಿವೆ. ಈ ಹದಿಮೂರು ವರ್ಷಗಳನ್ನು ನಮ್ಮ ಪಠ್ಯಪುಸ್ತಕಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ಸೆರೆಮನೆಯ ದಿನಗಳನ್ನು ಕಳೆದರೆ ಉಳಿಯುವುದು ಕೊರಡೂರಿನ ಸೇವಾಶ್ರಮ. ಹಳ್ಳಿಯ ಹುಡುಗರಿಗೆ ನೂಲುವುದನ್ನು, ಊರನ್ನು ಚೊಕ್ಕಟವಾಗಿಡುವುದನ್ನು, ಹೇಳಿದ ಹೊತ್ತಿಗೆ ಹೇಳಿದ ಕೆಲಸವನ್ನು ಮಾಡುವುದನ್ನು ಕಲಿಸುವ ಕೆಲಸ. ಅಂದರೆ ಆ ಹುಡುಗನ ಪ್ರಶ್ನೆಗೆ ಉತ್ತರ ಇಷ್ಟೆ: ಅವರು ಕಲಿಸುತ್ತಿದ್ದರು. ಆದರೆ ಉತ್ತರ ಹೇಳಿ ಮುಗಿಸಿದ ಮೇಲೆ ನನ್ನೊಳಗೆ ಇನ್ನೊಂದು ಪ್ರಶ್ನೆ ಎದ್ದಿತು. ಪರರ ಮಕ್ಕಳನ್ನು ಸಂಬಳವಿಲ್ಲದೆ ಕೂಡಿಸಿಕೊಂಡು ಕಲಿಸುವ ದೊಡ್ಡವರಿಗೆ ಯಾರು ಕಲಿಸುತ್ತಾರೆ? ಅವರ ಕೆಲಸವನ್ನು ಯಾರು, ಹೇಗೆ ಗುರುತಿಸುತ್ತಾರೆ? ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು.

ಇಂದು ಸ್ವಯಂಸೇವಕನೆಂದರೆ ಸಭೆಯಲ್ಲಿ ನೀರು ಕೊಡುವ ಹುಡುಗ ಎಂದಷ್ಟೇ ನಾವು ತಿಳಿಯುತ್ತೇವೆ. ನೂರು ವರ್ಷದ ಹಿಂದೆ ನಮ್ಮ ಈ ಭಾಗದಲ್ಲಿಯೇ ಆ ಮಾತಿಗೆ ಬೇರೆ ಅರ್ಥವನ್ನು ತಂದುಕೊಟ್ಟವರು ಹುಬ್ಬಳ್ಳಿಯ ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ. 1889ರಲ್ಲಿ ಹುಟ್ಟಿದ ಇವರು ಕಲಕತ್ತೆಯಲ್ಲಿ ವೈದ್ಯ ಕಲಿತು, ಅಮೇರಿಕೆಗೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರವನ್ನು ಓದಿದರು. ಅಲ್ಲಿ ಲಾಲಾ ಲಜಪತರಾಯರ ಜತೆಯಲ್ಲಿ ಹೋಮ್ ರೂಲ್ ಲೀಗಿನ ಕೆಲಸ ಮಾಡಿದರು. ತಿರುಗಿ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದಾಗ ಅವರ ಸುತ್ತ ತರುಣರ ಸೇವಾಮಂಡಲವೊಂದು ಕೂಡಿತು.

1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ ನಡೆಯಿತು. ದೇಶದ ನಾನಾ ಕಡೆಯಿಂದ ಸ್ವಯಂಸೇವಕರು ಹೋಗಿ ಸೆರೆಯಾದರು. ಹೋಗುವಾಗ ಇದ್ದ ಉತ್ಸಾಹ ಸೆರೆಮನೆಯ ಒಳಗೆ ಎಲ್ಲರಲ್ಲಿಯೂ ಉಳಿಯಲಿಲ್ಲ. ಕಷ್ಟ ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದವರು ಬಹಳ ಮಂದಿ. ಹುಬ್ಬಳ್ಳಿಯ ತಂಡ ಮಾತ್ರ ಬಗ್ಗಲಿಲ್ಲವೆಂಬುದು ಆಗ ದೇಶದ ಮುಖಂಡರ ಕಣ್ಣಿಗೆ ಬಿತ್ತು. ಹುಬ್ಬಳ್ಳಿಯ ಹುಡುಗರು ಉಳಿದವರಿಗಿಂತ ಶೂರರಾಗಿ ಹುಟ್ಟಿದ್ದರೆಂದು ನಾನು ಭಾವಿಸುವುದಿಲ್ಲ. ಅವರು ಕೂಡಿ ಉಂಡು, ಕೂಡಿ ದುಡಿದು, ಒಬ್ಬರ ಮಾತಿಗೆ ಒಬ್ಬರು ಕಟ್ಟುಬಿದ್ದು ರೂಢಿಯಾದವರು. ಹರ್ಡೀಕರರು ಇದರಿಂದ ಕಂಡುಕೊಂಡ ಪಾಠವೂ ಅದೇ: ದೇಶಭಕ್ತಿ ಇದ್ದರೆ ಸಾಲದು, ಅದಕ್ಕೆ ತಾಲೀಮು ಬೇಕು.

ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ವೇಳೆಗೆ ಈ ವಿಚಾರ ಒಂದು ಅಖಿಲ ಭಾರತ ಸಂಸ್ಥೆಯ ರೂಪ ತಳೆಯಿತು. ಮುಂದೆ ಹಿಂದುಸ್ಥಾನಿ ಸೇವಾದಲವೆಂದು ಹೆಸರಾದದ್ದು ಇದೇ. ಜವಾಹರಲಾಲ ನೆಹರೂ ಮೊದಲ ಅಧ್ಯಕ್ಷರಾದರು; ಹುಬ್ಬಳ್ಳಿ ಅದರ ಮೂಲಸ್ಥಾನವಾಯಿತು. ಕಾಂಗ್ರೆಸ್ಸಿನೊಳಗೇ ಇದಕ್ಕೆ ವಿರೋಧ ಬಂದಿತೆಂಬುದನ್ನು ಇಲ್ಲಿ ಮರೆಯಬಾರದು. ಸಾಲುಗಟ್ಟಿ ನಿಲ್ಲುವುದು, ಆಜ್ಞೆಗೆ ಹೆಜ್ಜೆ ಹಾಕುವುದು ಸೈನ್ಯದ ಲಕ್ಷಣವಲ್ಲವೆ, ಅಹಿಂಸೆಗೆ ಅದು ಹೊಂದೀತೆ ಎಂದು ಕೇಳಿದವರು ಸಾಮಾನ್ಯರಲ್ಲ. ಅವರ ಶಂಕೆ ಬರಿಯ ಹಟವೂ ಅಲ್ಲ. ತರುಣರಿಗೆ ಸಮವಸ್ತ್ರ ತೊಡಿಸಿ ಸಾಲು ನಿಲ್ಲಿಸಿದವರು ಅವರನ್ನು ಎತ್ತ ಕರೆದೊಯ್ದರೆಂಬುದನ್ನು ಯುರೋಪು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕಂಡಿತು. ಆದುದರಿಂದ ಸಾಲಿನ ಮುಂದೆ ನಿಲ್ಲುವ ಮನುಷ್ಯನು ಎಂಥವನು ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು.

ಮರುವರ್ಷ, ಅಂದರೆ 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿಯ ಅಧಿವೇಶನದಲ್ಲಿ ಹರ್ಡೀಕರರ ಸ್ವಯಂಸೇವಕರು ದುಡಿದರು. ಜನಸಂದಣಿಯನ್ನು ಹಿಡಿದಿಡುವುದರಿಂದ ಕಕ್ಕಸು ಬಳಿಯುವವರೆಗಿನ ಕೆಲಸವೆಲ್ಲ ಸ್ವಯಂಸೇವಕರ ಪಾಲಿಗಿತ್ತು. ಸೇವಾದಲದ ಶಿಬಿರಗಳಲ್ಲಿ ಕವಾಯತು, ವ್ಯಾಯಾಮ, ಪ್ರಥಮ ಚಿಕಿತ್ಸೆ, ನೈರ್ಮಲ್ಯ, ನೂಲುವಿಕೆಗಳನ್ನು ಕಲಿಸುತ್ತಿದ್ದರು. ಆಜ್ಞೆಗಳೆಲ್ಲ ಇಂಗ್ಲಿಷನ್ನು ಬಿಟ್ಟು ಹಿಂದುಸ್ಥಾನಿಯಲ್ಲಿ. ಬಾಗಲಕೋಟೆಯಲ್ಲಿ ವ್ಯಾಯಾಮ ಶಿಕ್ಷಣದ ಶಾಲೆಯೊಂದನ್ನೇ ತೆರೆದರು. ಹುಬ್ಬಳ್ಳಿಯಿಂದ ‘ವಾಲಂಟಿಯರ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ಹೆಣ್ಣುಮಕ್ಕಳ ವಿಭಾಗವನ್ನು ಉಮಾಬಾಯಿ ಕುಂದಾಪುರ ಅವರು ನಡೆಸಿದರು. ಶಿಬಿರದಲ್ಲಿ ಕಲಿತವನು ತನ್ನ ಊರಿಗೆ ಹೋಗಿ ಹತ್ತು ಜನರಿಗೆ ಕಲಿಸಬೇಕೆಂಬುದು ಈ ಏರ್ಪಾಟಿನ ತಿರುಳು. ಹರ್ಡೀಕರರು ಸ್ವಯಂಸೇವಕರನ್ನು ಮಾತ್ರ ತಯಾರಿಸಿದ್ದರೆ ಅವರ ಕೆಲಸ ಹುಬ್ಬಳ್ಳಿಯಲ್ಲಿಯೇ ಮುಗಿಯುತ್ತಿತ್ತು. ಕಲಿಸುವವರನ್ನು ತಯಾರಿಸಿದ್ದರಿಂದ ಅದು ಪ್ರಾಂತ ಪ್ರಾಂತಗಳಿಗೆ ಹಬ್ಬಿತು. 1931ರಲ್ಲಿ ಕಾಂಗ್ರೆಸ್ಸು ಸೇವಾದಲವನ್ನು ತನ್ನದೇ ಅಂಗವನ್ನಾಗಿ ಮಾಡಿಕೊಂಡಿತು. 1932ರಲ್ಲಿ ಸರಕಾರ ಅದಕ್ಕೆ ನಿಷೇಧ ಹಾಕಿತು. ಸರಕಾರ ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿತ್ತೆಂಬುದಕ್ಕೆ ಈ ನಿಷೇಧವೇ ಸಾಕ್ಷಿ.

ಅದೇ ಕಾಲದಲ್ಲಿ ಇದೇ ಪ್ರಶ್ನೆಯನ್ನು ಇನ್ನೊಂದು ದಾರಿಯಿಂದ ಬಿಡಿಸುತ್ತಿದ್ದವರೂ ಇದ್ದರು. ರಾಣೇಬೆನ್ನೂರಿನಿಂದ ದಕ್ಷಿಣಕ್ಕೆ ಹೋದರೆ ತುಂಗಭದ್ರೆ, ಹೊಳೆಯಾಚೆ ಹರಿಹರ. ಇಂದು ಅದೊಂದು ಸೇತುವೆ, ಐದು ನಿಮಿಷದ ದಾರಿ. 1947ಕ್ಕೆ ಮೊದಲು ಈಚೆಯದು ಮುಂಬಯಿ ಪ್ರಾಂತ, ಆಚೆಯದು ಮೈಸೂರು ಮಹಾರಾಜರ ರಾಜ್ಯ. ಮೈಸೂರಿನಲ್ಲಿ 1917ರಲ್ಲಿಯೇ ಸಂಸ್ಥಾನದ ಸ್ಕೌಟು ಸಂಘ ಹುಟ್ಟಿತ್ತು. ಅದಕ್ಕೂ ಮೊದಲು, 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಬೇಕರ್ ಎಂಬವರು ಭಾರತದ ಮೊದಲ ಸ್ಕೌಟು ದಳವನ್ನು ಕಟ್ಟಿದ್ದರು. ಬೇಡನ್ ಪೊವೆಲ್ಲರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಹೂಡಿದ್ದು 1907ರಲ್ಲಿ. ಎರಡೇ ವರ್ಷದಲ್ಲಿ ಆ ಅಲೆ ಕನ್ನಡ ನೆಲವನ್ನು ಮುಟ್ಟಿತ್ತು. ಆದರೆ ಅದು ಮುಟ್ಟಿದ್ದು ಬಿಳಿಯರ ಹಾಗೂ ಆಂಗ್ಲೋ ಇಂಡಿಯನ್ನರ ಮಕ್ಕಳನ್ನು. ನಮ್ಮ ಹುಡುಗರಿಗೆ ಆ ಬಾಗಿಲು ತೆರೆದಿರಲಿಲ್ಲ. ಆನಿ ಬೆಸೆಂಟರು ಮದರಾಸಿನಲ್ಲಿ 1916ರಲ್ಲಿ ಭಾರತೀಯ ಹುಡುಗರಿಗಾಗಿಯೇ ಬೇರೆ ಸಂಘ ತೆಗೆದರು. ಅವರ ಸ್ಕೌಟುಗಳ ತಲೆಯ ಮೇಲೆ ಹ್ಯಾಟಿಗೆ ಬದಲು ರುಮಾಲು ಬಂದಿತು. ಉತ್ತರದಲ್ಲಿ ಮದನಮೋಹನ ಮಾಳವೀಯರು, ಹೃದಯನಾಥ ಕುಂಜರೂ, ಶ್ರೀರಾಮ ಬಾಜಪೇಯಿ ಅವರು ಸೇವಾ ಸಮಿತಿಯ ಸ್ಕೌಟುಗಳನ್ನು ಬೆಳೆಸಿದರು. ಸ್ಕೌಟಿನ ಪ್ರತಿಜ್ಞೆಯಲ್ಲಿ ದೇವರ ಜತೆಗೆ ದೊರೆಯ ಹೆಸರೂ ಇತ್ತು. ಖಾದಿ ಟೊಪ್ಪಿಗೆಯ ತರುಣನಿಗೆ ಅದು ನುಂಗಲಾಗದ ತುತ್ತು. ಹೀಗಾಗಿ ಹೊಳೆಯ ಆಚೆ ಅರಮನೆಯ ಆಶ್ರಯದ ಸ್ಕೌಟು ಬೆಳೆಯುತ್ತಿದ್ದಾಗ ಈಚೆ ನಮ್ಮ ನಾಡಿನ ತರುಣರ ಮನಸ್ಸು ಸೇವಾದಲದತ್ತ, ಆಶ್ರಮದತ್ತ ಎಳೆಯಿತು.

ಆದರೂ ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ಹುಡುಗರನ್ನು ನಡೆಸುವ ದೊಡ್ಡವರಿಗೆ ಕ್ರಮವಾದ ಶಿಕ್ಷಣ ಬೇಕೆಂದು ಕಂಡುಕೊಂಡು, ಅದನ್ನು ಒಂದು ಪದ್ಧತಿಯನ್ನಾಗಿ ಮಾಡಿದವರಲ್ಲಿ ಬೇಡನ್ ಪೊವೆಲ್ಲರು ಮುಂಚಿನವರು. ಲಂಡನ್ನಿನ ಹೊರವಲಯದ ಗಿಲ್‌ವೆಲ್ ಎಂಬ ಕಾಡುತೋಟವನ್ನು ಮ್ಯಾಕ್ಲಾರೆನ್ ಎಂಬ ಸಾಹುಕಾರರು ಸ್ಕೌಟುಗಳಿಗೆ ಕೊಂಡುಕೊಟ್ಟರು. ಅಲ್ಲಿ 1919ರ ಸೆಪ್ಟೆಂಬರಿನಲ್ಲಿ ಸ್ಕೌಟು ಮಾಸ್ತರರ ಮೊದಲ ಶಿಬಿರ ನಡೆಯಿತು. ಅದರ ಗುಟ್ಟು ಬಹು ಸರಳವಾದದ್ದು. ಅಲ್ಲಿ ದೊಡ್ಡವರು ಹುಡುಗರಾಗಬೇಕು. ಆರೆಂಟು ಜನರ ಗುಂಪು ಮಾಡಿಕೊಂಡು, ತಮ್ಮಲ್ಲಿ ಒಬ್ಬನನ್ನು ನಾಯಕನನ್ನಾಗಿ ಆರಿಸಿಕೊಂಡು, ಡೇರೆ ಹೂಡಿ, ಕಟ್ಟಿಗೆ ಆರಿಸಿ, ಅನ್ನ ಬೇಯಿಸಿ, ಸೀದುಹೋದರೆ ಸೀದದ್ದನ್ನೇ ಉಣ್ಣಬೇಕು. ಹುಡುಗನಿಗೆ ಏನು ಕಷ್ಟವೆಂಬುದು ಭಾಷಣದಿಂದ ತಿಳಿಯುವುದಿಲ್ಲ, ಒದ್ದೆ ಕಟ್ಟಿಗೆಯ ಮುಂದೆ ಕೂತಾಗ ತಿಳಿಯುತ್ತದೆ. ಶಿಬಿರ ಮುಗಿದ ಮೇಲೆಯೂ ಕಲಿಕೆ ಮುಗಿಯದು. ತನ್ನ ಊರಿನ ದಳದಲ್ಲಿ ಕಲಿತದ್ದನ್ನು ಮಾಡಿ ತೋರಿಸಬೇಕು. ಆಮೇಲೆ ಅವನಿಗೆ ಸಿಗುವುದು ತೊಗಲಿನ ದಾರದಲ್ಲಿ ಕೋದ ಎರಡು ಮರದ ಮಣಿಗಳು.

ಈ ಮಣಿಗಳ ಕಥೆ ಸ್ವಾರಸ್ಯವಾದದ್ದು. ಸ್ವಲ್ಪ ಕಹಿಯೂ ಹೌದು. ಮೊದಲ ಶಿಬಿರಾರ್ಥಿಗಳಿಗೆ ಕೊಡಲು ಬೇಡನ್ ಪೊವೆಲ್ಲರ ಕೈಯಲ್ಲಿ ಬೇರೇನೂ ಇರಲಿಲ್ಲ. 1888ರಲ್ಲಿ ದಕ್ಷಿಣ ಆಫ್ರಿಕೆಯ ಜೂಲೂ ನಾಡಿನ ದಂಡಯಾತ್ರೆಯಿಂದ ಅವರು ತಂದಿದ್ದ, ದಿನಿಜೂಲೂ ಎಂಬ ಅರಸನದೆಂದು ಹೇಳಲಾದ ಮಣಿಸರವನ್ನು ಬಿಚ್ಚಿ ಹಂಚಿದರು. ಸೋತ ಅರಸನ ಕೊರಳಿನದೆಂಬ ಸರ ಸೇವಕರ ಕೊರಳಿನ ಗುರುತಾಯಿತು. ಈಗ ಕೊಡುವುದು ಹಾಗೆಯೇ ಕಡೆದ ಹೊಸ ಮಣಿಗಳನ್ನು. ಭಾರತದಲ್ಲಿ ಈ ಶಿಕ್ಷಣಕ್ಕೆ ಹಿಮಾಲಯ ವುಡ್ ಬ್ಯಾಜ್ ಎಂದು ಹೆಸರು. ಶಿಕ್ಷಣ ಮುಗಿಸಿದವರಿಗೆ ಎರಡು ಮಣಿ, ಇತರರಿಗೆ ಕಲಿಸಲು ಅರ್ಹರಾದವರಿಗೆ ಮೂರು, ಅವರಿಗೂ ಮೇಲಿನವರಿಗೆ ನಾಲ್ಕು. ಬಂಗಾರವಿಲ್ಲ, ಬೆಳ್ಳಿಯಿಲ್ಲ, ಮರದ ತುಂಡು. ಸಂಬಳವಿಲ್ಲದ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಗುರುತನ್ನು ನಾನು ಕಾಣೆ.

ಸ್ವಾತಂತ್ರ್ಯ ಬಂದ ಮೇಲೆ ದೊರೆಯ ಹೆಸರಿನ ತೊಡಕು ತಾನಾಗಿ ಬಿಚ್ಚಿಹೋಯಿತು. 1950ರ ನವೆಂಬರ್ 7ರಂದು ಬೇರೆಬೇರೆ ಸ್ಕೌಟು ಸಂಘಗಳು ಕೂಡಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ಮರುವರ್ಷ ಗೈಡುಗಳೂ ಸೇರಿದರು. 1956ರಲ್ಲಿ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ರಾಷ್ಟ್ರೀಯ ಶಿಕ್ಷಣ ಕೇಂದ್ರ ಬಂದಿತು. ಅದೇ ವರ್ಷ ನವೆಂಬರ್ 1ರಂದು ತುಂಗಭದ್ರೆಯ ಎರಡೂ ದಂಡೆಗಳು ಒಂದೇ ರಾಜ್ಯದೊಳಗೆ ಬಂದವು. ನಮ್ಮ ರಾಜ್ಯದಲ್ಲಿ ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕಿನಂತೆ, ಹರಿಹರದ ಆಚೆ ಕೊಂಡಜ್ಜಿಯ ಕೆರೆಯ ದಂಡೆಯೂ ಸ್ಕೌಟು ಮಾಸ್ತರರ ಪಾಠಶಾಲೆಯಾಯಿತು. ಅದರ ಹಿಂದೆ ಇದ್ದವರು ಮಂತ್ರಿಗಳೂ ರಾಜ್ಯದ ಸ್ಕೌಟು ಸಂಸ್ಥೆಯ ಮುಖ್ಯ ಆಯುಕ್ತರೂ ಆಗಿದ್ದ ಕೊಂಡಜ್ಜಿ ಬಸಪ್ಪನವರು.

ಇಲ್ಲಿ ನನ್ನ ಸ್ವಂತದ ಮಾತನ್ನು ಎರಡು ಗಳಿಗೆ ಹೇಳಲು ಓದುಗರು ಅನುಮತಿ ಕೊಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ಕಾಲೇಜಿನ ರೋವರ್ ದಳದ ನಾಯಕನೆಂದು ಗೊತ್ತುಮಾಡಿ ಏಳು ದಿನದ ಶಿಬಿರಕ್ಕೆ ಕಳಿಸಿದರು. ಗುಂಪಿನಲ್ಲಿ ನನ್ನ ಪಕ್ಕದ ಹಾಸಿಗೆ ರಾಣೇಬೆನ್ನೂರು ತಾಲೂಕಿನ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರದು. ಆಗಲೇ ತಲೆ ಅರ್ಧ ನರೆತಿತ್ತು. ನಾನು ಎಂ.ಎ. ಮಾಡಿದವನು, ಆದರೆ ಮೊದಲ ರಾತ್ರಿ ನಾನು ಕಟ್ಟಿದ ಡೇರೆಯ ಹಗ್ಗ ಗಾಳಿಗೆ ಬಿಚ್ಚಿಹೋಯಿತು. ಮಾಸ್ತರರು ನಗಲಿಲ್ಲ. ಕತ್ತಲಲ್ಲಿಯೇ ಎದ್ದು, ನನ್ನ ಕೈ ಹಿಡಿದು ಗಂಟು ಹಾಕುವುದನ್ನು ಮೂರು ಸಲ ಮಾಡಿಸಿ, “ಈಗ ನಿಮ್ಮ ಕೈಗೆ ತಿಳೀತ್ ನೋಡ್ರಿ ಸರ, ತಲಿಗೆ ಹೇಳೂದ್ ಬ್ಯಾಡ” ಎಂದು ಮಲಗಿದರು.

ಅವರು ಆಗಲೇ ಹದಿನೆಂಟು ವರ್ಷದಿಂದ ಹಳ್ಳಿಯ ಶಾಲೆಯಲ್ಲಿ ದಳ ನಡೆಸಿದ್ದರು. ಅವರ ಹುಡುಗರು ಜಾತ್ರೆಯಲ್ಲಿ ದಾರಿ ತಪ್ಪಿದ ಕೂಸುಗಳನ್ನು ಕಾದರು, ಊರ ಬಾವಿಯ ಸುತ್ತ ಕಟ್ಟೆ ಕಟ್ಟಿದರು, ಹಾವು ಕಡಿದವನನ್ನು ಹೊರಸಿನ ಮೇಲೆ ಹೊತ್ತು ಡಾಂಬರು ರಸ್ತೆಗೆ ತಂದರು. ಇಷ್ಟಾದರೂ ಅವರ ಕೊರಳಲ್ಲಿ ಮಣಿ ಇರಲಿಲ್ಲ. ಹಿಂದೆ ಒಂದು ಸಲ ಎಲ್ಲ ವರದಿಗಳನ್ನೂ ಬರೆದು ಕಚೇರಿಯೊಂದಕ್ಕೆ ಕೊಟ್ಟಿದ್ದರಂತೆ. ಆ ಕಡತ ಎಲ್ಲಿಯೋ ಕಳೆಯಿತು. ಮತ್ತೆ ಬರೆಯಿರಿ ಎಂದರಂತೆ. ಯಾಕೆ ಬರೆಯಲಿಲ್ಲವೆಂದು ನಾನು ಕೇಳಿದೆ.

“ಬರಿಯಾಕ ಬರಂಗಿಲ್ಲ ಅಂತಲ್ರಿ ಸರ. ಐತವಾರ ಹುಡುಗ್ರನ್ನ ಗುಡ್ಡಕ್ಕ ಕರಕೊಂಡ್ ಹೋಗೂದೋ, ಮನಿಯೊಳಗ ಕುಂತು ಅದನ್ನ ಬರಿಯೂದೋ? ಎರಡರಾಗ ಒಂದ್ ಆಗ್ತೈತ್ರಿ.”

ನಾನು ಬರೆಯುವುದರಲ್ಲಿ ಗಟ್ಟಿಗ. ಮಾಡಿದ್ದು ಅಲ್ಪ, ಬರೆದದ್ದು ಬಹಳ. ಎರಡು ವರ್ಷದೊಳಗೆ ನನಗೆ ಮಣಿಗಳು ಬಂದವು, ಚರ್ಮಪತ್ರದಂಥ ಕಾಗದದ ಮೇಲೆ ಪ್ರಮಾಣಪತ್ರ ಬಂದಿತು. ಅದನ್ನು ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದೆ. ನಾಲ್ಕನೆಯ ವರ್ಷ ಪರೀಕ್ಷೆಯ ಕೆಲಸ, ಸಂಶೋಧನೆಯ ಕೆಲಸ ಎಂದು ನೆವ ಹೇಳಿ ದಳವನ್ನು ಬಿಟ್ಟುಕೊಟ್ಟೆ. ಗೋಡೆಯ ಮೇಲಿನದನ್ನು ಬಿಟ್ಟುಕೊಡಲಿಲ್ಲ.

ಗೌರವಗಳ ಏರ್ಪಾಟು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಸ್ಕೌಟು ಸಂಸ್ಥೆಯಲ್ಲಿ ದೀರ್ಘಸೇವೆಗೆ ಪದಕವಿದೆ, ಅರ್ಹತಾ ಪದಕವಿದೆ, ಬೆಳ್ಳಿಯ ನಕ್ಷತ್ರವಿದೆ, ಎಲ್ಲಕ್ಕೂ ಮೇಲೆ ಬೆಳ್ಳಿಯ ಆನೆಯಿದೆ. ಯಾವ ಗುರುತೂ ಇಲ್ಲದೆ ಮನುಷ್ಯ ಬಹಳ ದಿನ ದುಡಿಯಲಾರ. ‘ನೀನು ಮಾಡಿದ್ದನ್ನು ನಾವು ಕಂಡೆವು’ ಎಂಬ ಒಂದು ಮಾತಿನ ಹಸಿವು ಸಾಧುವಿಗೂ ಇರುತ್ತದೆ. ಹರ್ಡೀಕರರಿಗೆ 1958ರಲ್ಲಿ ಪದ್ಮಭೂಷಣ ಬಂದಿತು. 1952ರಿಂದ 1962ರವರೆಗೆ ಅವರು ರಾಜ್ಯಸಭೆಯಲ್ಲಿದ್ದರು. 1975ರಲ್ಲಿ ತೀರಿಕೊಂಡ ಮೇಲೆ 1989ರಲ್ಲಿ ಅವರ ಚಿತ್ರದ ಅಂಚೆಚೀಟಿ ಹೊರಟಿತು. ಇವೆಲ್ಲ ಸಲ್ಲಬೇಕಾದ ಗೌರವಗಳೇ. ತೊಡಕಿರುವುದು ಬೇರೆ ಕಡೆ. ಗೌರವಕ್ಕೆ ದಾಖಲೆ ಬೇಕು, ದಾಖಲೆಗೆ ಬಿಡುವು ಬೇಕು, ಬಿಡುವಾದರೋ ಕೆಲಸ ಕಡಿಮೆಯಿದ್ದವನಲ್ಲಿ ಹೆಚ್ಚು. ಹೀಗಾಗಿ ಅಳೆಯುವ ಕೋಲು ಅಳೆಯಬೇಕಾದದ್ದನ್ನು ಬಿಟ್ಟು ಇನ್ನೇನನ್ನೋ ಅಳೆಯುತ್ತದೆ. ನನ್ನ ಗೋಡೆಯೇ ಇದಕ್ಕೆ ನಿದರ್ಶನ.

ತಿರುಗಿ ಮಹಾದೇವಪ್ಪನವರಲ್ಲಿಗೆ ಬರುತ್ತೇನೆ. 1911ರಲ್ಲಿ ಮೋಟೆಬೆನ್ನೂರಿನಲ್ಲಿ ಹುಟ್ಟಿದ ಅವರು ಸಾಬರಮತಿ ಆಶ್ರಮ ಸೇರಿ, ಹದಿನೆಂಟರ ವಯಸ್ಸಿನಲ್ಲಿ ಗಾಂಧೀಜಿಯ ಹಿಂದೆ ದಂಡಿಗೆ ನಡೆದರು; ಕರ್ನಾಟಕದಿಂದ ಆ ತಂಡದಲ್ಲಿದ್ದವರು ಅವರೊಬ್ಬರೇ. ಅವರಿಗೆ ಸಿಕ್ಕ ಶಿಕ್ಷಣ ಎಂಥದೆಂದು ಯೋಚಿಸಬೇಕು. ಆಶ್ರಮದಲ್ಲಿ ಬೆಳಗಿನ ಜಾವ ಏಳುವುದು, ಪ್ರಾರ್ಥನೆ, ನೂಲು, ಕಕ್ಕಸಿನ ಚೊಕ್ಕಟ, ದಿನಚರಿ. ಗಿಲ್‌ವೆಲ್ಲಿನಲ್ಲಿ ಹೇಗೋ ಹಾಗೆ, ಇಲ್ಲಿಯೂ ನಾಯಕನಾಗಬೇಕಾದವನು ಮೊದಲು ಕೆಳಗಿನ ಕೆಲಸವನ್ನು ಕೈಯಾರೆ ಮಾಡಬೇಕು. ಅವರ ಪತ್ನಿ ಸಿದ್ದಮ್ಮನವರೂ ಸೆರೆಮನೆ ಕಂಡವರು. ಕೊರಡೂರಿನಲ್ಲಿ ಆಶ್ರಮ ಕಟ್ಟಿದಾಗ ಮಹಾದೇವಪ್ಪನವರು ತಾವು ಕಲಿತದ್ದನ್ನೇ ಕಲಿಸಿದರು.

1942ರಲ್ಲಿ ಚಲೇಜಾವ್ ಚಳವಳಿ ಎದ್ದಾಗ ಅದರ ಫಲ ತಿಳಿಯಿತು. ಚಾವಡಿಯ ಕಾಗದಪತ್ರಗಳು ಸುಟ್ಟವು, ರೈಲು ನಿಲ್ದಾಣಗಳು ಉರಿದವು. ಇಷ್ಟೆಲ್ಲ ಕಟ್ಟಾಗಿ ನಡೆದದ್ದು ಹಳ್ಳಿಯ ತರುಣರು ಅವರ ಮಾತಿಗೆ ನಿಲ್ಲುತ್ತಿದ್ದುದರಿಂದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವೀರಭದ್ರ ದೇವರ ಗುಡಿಯಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೋಲೀಸರ ಗುಂಡಿಗೆ ಮೂವರು ಬಿದ್ದರು: ಮಹಾದೇವಪ್ಪ ಮೈಲಾರ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ನಾಯಕನು ಅನುಯಾಯಿಗಳನ್ನು ಮುಂದೆ ಕಳಿಸಿ ತಾನು ಹಿಂದೆ ಉಳಿಯಲಿಲ್ಲ, ಅನುಯಾಯಿಗಳು ಅವನನ್ನು ಬಿಟ್ಟು ಓಡಲಿಲ್ಲ. ನಾಗಪುರದ ಸೆರೆಮನೆಯಲ್ಲಿ ಹರ್ಡೀಕರರು ಯಾವುದರ ಬೆಲೆಯನ್ನು ಕಂಡುಕೊಂಡರೋ, ಅದೇ ಹೊಸರಿತ್ತಿಯಲ್ಲಿಯೂ ಕಂಡಿತು. ಹಾವೇರಿಯ ವೀರಸೌಧ ಆ ಮೂವರ ನೆನಪಿನದು. ಒಬ್ಬನ ಹೆಸರು ಮಾತ್ರ ನಿಲ್ದಾಣಕ್ಕೆ ಬಂದಿದೆ, ಅಂಚೆಚೀಟಿಗೂ ಬಂದಿದೆ. ವೀರಸೌಧದಲ್ಲಿ ಮಾತ್ರ ಕಲಿಸಿದವನೂ ಕಲಿತವರೂ ಕೂಡಿ ಇದ್ದಾರೆ. ನನಗೆ ಅದೇ ಹೆಚ್ಚು ಸರಿಯಾದ ಗೌರವವೆನಿಸುತ್ತದೆ.

ಆ ಮಾಸ್ತರರು ನಿವೃತ್ತರಾದ ದಿನ ನಾನೂ ಹೋಗಿದ್ದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅವರ ದಳದಲ್ಲಿ ಬೆಳೆದವರು ಎಲ್ಲೆಲ್ಲಿಂದಲೋ ಬಂದಿದ್ದರು: ಒಬ್ಬ ಬಸ್ಸಿನ ಕಂಡಕ್ಟರು, ಒಬ್ಬಾಕೆ ದವಾಖಾನೆಯ ನರ್ಸು, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಮಾಡುವವನೊಬ್ಬ. ಈ ದಲಾಲಿಯವನು ಹಾವೇರಿಯಿಂದ ಏಲಕ್ಕಿಯ ಹಾರ ಮಾಡಿಸಿ ತಂದಿದ್ದ. ನಮ್ಮ ಹಾವೇರಿಯ ಏಲಕ್ಕಿ ಹಾರ ಮಂತ್ರಿಗಳ ಕೊರಳಿಗೆ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಕೊರಳಿಗೆ ಬೀಳುವಂಥದು. ಆ ದಿನ ಅದು ಮಣಿಯಿಲ್ಲದ ಆ ಕೊರಳಿಗೆ ಬಿದ್ದಿತು. ಮಾಸ್ತರರು ಅದನ್ನು ಒಂದು ಗಳಿಗೆ ಇಟ್ಟುಕೊಂಡು, ತೆಗೆದು ಮೇಜಿನ ಮೇಲಿಟ್ಟು, ಭಾಷಣಕ್ಕೆ ಬದಲು ಒಂದೇ ಮಾತು ಕೇಳಿದರು: “ಬರೂ ಐತವಾರದಿಂದ ಹುಡುಗ್ರನ್ನ ಯಾರ್ ನೋಡ್ತೀರಿ?”

ಯಾರೂ ಬಾಯಿ ತೆರೆಯಲಿಲ್ಲ. ಎರಡು ಮಣಿಯ ನಾನೂ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಚಹಾ ಬಂದಿತು, ಸಭೆ ಮುಗಿಯಿತು.

ಈಗ ಆ ಹುಡುಗನ ಪ್ರಶ್ನೆಯಿಂದ ಹೊರಟು ಇಷ್ಟು ದೂರ ಬಂದ ಮೇಲೆ, ಗೋಡೆಯ ಮೇಲಿನ ಚೌಕಟ್ಟನ್ನು ನಾನು ಇಳಿಸಿಟ್ಟಿದ್ದೇನೆ. ಮಾಸ್ತರರ ಊರಿಗೆ ರಾಣೇಬೆನ್ನೂರಿನಿಂದ ಬೆಳಗಿನ ಬಸ್ಸಿದೆ. ಹೋದ ತಿಂಗಳು ಎರಡು ಐತವಾರ ಹೋಗಿಬಂದೆ. ಹನ್ನೊಂದು ಮಕ್ಕಳು ಬಂದಿದ್ದರು. ಮಾಸ್ತರರೂ ಬಂದು ಕಟ್ಟೆಯ ಮೇಲೆ ಕೂತಿದ್ದರು. ನಾನು ಹಾಕಿದ ಗಂಟನ್ನು ಎಳೆದು ನೋಡಿ, ಬಿಚ್ಚಿ, ಇನ್ನೊಮ್ಮೆ ಹಾಕಿರಿ ಎಂದರು.